ಔಲುವಿನ ಅಳಿಯನಿಗೆ, ಹುರುಳಿ ಹಾಸಿದ ರಸ್ತೆಯಿಂದ

ಚಿರಂಜೀವಿ ಅಳಿಯನಿಗೆ, ನೊಣವಿನಕೆರೆ ಕಡೆಯಿಂದ ನಿನ್ನ ಮಾವ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ಅತ್ತ ನಿನ್ನ ಕ್ಷೇಮವನ್ನು ನೀನೇ ವಿಡಿಯೊ ಮಾಡಿ ಕಳಿಸುತ್ತಿರುವುದರಿಂದ ವಿಚಾರಿಸುವ ಅಗತ್ಯ ಬೀಳಲಿಲ್ಲ.

ಫಿನ್‌ಲೆಂಡಿನ ಔಲು ಪಟ್ಟಣದಲ್ಲಿ ಮೈನಸ್ 18 ಡಿಗ್ರಿ ಚಳಿಯಲ್ಲಿ ನೀನು ಆಫೀಸಿಗೆ ಸೈಕಲ್ ತುಳಿಯುವ ವಿಡಿಯೊ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಬಿತ್ತು. ಹಾಲಿನ ಡೈರಿಯವರ ಗುಂಪಿಗೆ ಹೋಯಿತು, ತುರುವೇಕೆರೆ ಸುತ್ತಿತು, ಕೊನೆಗೆ ಚಿಕ್ಕನಾಯಕನಹಳ್ಳಿಯ ಬೀಗರ ಮನೆಯಿಂದ ‘ನಿಮ್ಮ ಹುಡುಗನಿಗೆ ಕಾರ್ ತಗೊಳ್ಳೋಕೂ ಆಗ್ಲಿಲ್ವಂತಾ?’ ಎಂಬ ಪ್ರಶ್ನೆಯಾಗಿ ನನ್ನ ಹತ್ತಿರವೇ ಬಂತು. ಮಾತು ಇಷ್ಟು ಬಹಿರಂಗವಾದ ಮೇಲೆ ಉತ್ತರ ಮಾತ್ರ ಗುಟ್ಟಿನಲ್ಲಿ ಯಾಕಿರಬೇಕು? ಅದಕ್ಕೇ ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ.

ವಿಡಿಯೊದ ಕೊನೆಯಲ್ಲಿ, ಮೀಸೆಯ ಮೇಲೆ ಕೂತ ಹಿಮ ತೋರಿಸುತ್ತ, ‘ನಾವು ಇಷ್ಟು ಚಳೀಲೇ ತುಳೀತೀವಿ, ಊರಲ್ಲಿ ನಿಮಗೇನು ಧಾಡಿ?’ ಎಂದು ಕೇಳಿದ್ದೀಯ. ಒಳ್ಳೆಯ ಪ್ರಶ್ನೆ. ಧಾಡಿ ಏನೇನೆಂದು ಹೇಳುತ್ತೇನೆ, ಕೇಳು.

ಮೊದಲು ನಮ್ಮ ಚಳಿಯ ಮಾನ ಉಳಿಸಬೇಕು. ತಿಪಟೂರು ಸಮುದ್ರ ಮಟ್ಟದಿಂದ 800 ಮೀಟರಿಗೂ ಮೇಲಿದೆ. ಧನುರ್ಮಾಸದ ಬೆಳಗಿನ ಜಾವ 14ಕ್ಕೋ 13ಕ್ಕೋ ಇಳಿಯುತ್ತದೆ. ನಗಬೇಡ. ನಿಮ್ಮೂರಲ್ಲಿ ಅದು ಜನ ಬನಿಯನ್ನಿನಲ್ಲಿ ಓಡಾಡುವ ಹವೆ ಇರಬಹುದು, ಆದರೆ ತೆಂಗಿನ ಸೀಮೆಯವರು ಚಳಿ ನೋಡುವುದು ಬಚ್ಚಲ ಮನೆಯ ಗೂಡಿನಲ್ಲಿರುವ ಎಣ್ಣೆ ಬಾಟಲಿಯಲ್ಲಿ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಹತ್ತಿರಕ್ಕೇ ಬಿಳಿಚಿಕೊಂಡು ಗಟ್ಟಿಯಾಗಲು ಶುರು ಮಾಡುತ್ತದೆ. ಹೆಪ್ಪುಗಟ್ಟುವುದಕ್ಕೆ ಸೊನ್ನೆಯ ತನಕ ಕಾಯುವ ತಾಳ್ಮೆ ನಿಮ್ಮ ನೀರಿಗಿದೆ, ನಮ್ಮ ಎಣ್ಣೆಗಿಲ್ಲ.

ಇದಕ್ಕೂ ಸೈಕಲ್ಲಿಗೂ ಏನು ಸಂಬಂಧ ಅಂತೀಯ? ಗಾಣದಿಂದ ತಂದ ಎಣ್ಣೆ ಡಬ್ಬಗಟ್ಟಲೆ ಮನೆಯಲ್ಲಿರುವಾಗ ಸೈಕಲ್ ಚೈನಿಗೆಂದು ಬೇರೆ ಎಣ್ಣೆಗೆ ದುಡ್ಡು ಕೊಡುವುದು ಈ ಕಡೆಯ ಜಾಯಮಾನಕ್ಕೆ ಒಗ್ಗುವುದಿಲ್ಲ. ತಲೆಗೂ ಅದೇ, ಮಂಡಿನೋವಿಗೂ ಅದೇ, ಹಿಂದಿನ ಚಕ್ರಕ್ಕೂ ಅದೇ. ಬೇಸಿಗೆಯಲ್ಲಿ ಸೊಗಸಾಗಿ ಓಡುತ್ತದೆ. ಕಾರ್ತಿಕ ಕಳೆದ ಮೇಲೆ ಒಂದು ಬೆಳಗ್ಗೆ ಪಕ್ಕದ ತೋಟದ ಯಜಮಾನರು ಪೆಡಲ್ ತುಳಿಯುತ್ತಾರೆ. ಪೆಡಲ್ ತಿರುಗುತ್ತದೆ, ಚೈನೂ ತಿರುಗುತ್ತದೆ, ಸೈಕಲ್ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಫ್ರೀ ವೀಲ್ ಒಳಗೆ ಹಲ್ಲಿಗೆ ಕಚ್ಚಿಕೊಳ್ಳುವ ಪುಟ್ಟ ಕಬ್ಬಿಣದ ತುಂಡುಗಳಿರುತ್ತವೆ. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗ್ ಅವನ್ನು ಮೇಲಕ್ಕೆತ್ತಿ ಹಿಡಿಯಬೇಕು. ಎಣ್ಣೆ ಧೂಳಿನ ಜೊತೆ ಸೇರಿ ಗಟ್ಟಿಯಾದಾಗ ಸ್ಪ್ರಿಂಗಿನ ಕೈಲಿ ಎತ್ತಲು ಆಗುವುದಿಲ್ಲ, ತುಂಡುಗಳು ಮಲಗಿಬಿಡುತ್ತವೆ. ಹಂಡೆಯಿಂದ ಒಂದು ಚೊಂಬು ಬಿಸಿನೀರು ಹುಯ್ದರೆ ಎದ್ದು ಕೂರುತ್ತವೆ, ಮಾರನೇ ಬೆಳಗ್ಗೆ ಮತ್ತೆ ಮಲಗುತ್ತವೆ. ಸೀಮೆಎಣ್ಣೆಯಲ್ಲಿ ತೊಳೆದು ಮೆಷಿನ್ ಆಯಿಲ್ ಬಿಡಿ ಎಂದು ಸೈಕಲ್ ಶಾಪಿನವನು ಹೇಳುತ್ತಾನೆ. ಯಜಮಾನರು ‘ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ, ಅಲ್ಲಿಗಂಟ ಬಿಸಿನೀರೇ ಆಯ್ತು’ ಎನ್ನುತ್ತಾರೆ.

ಕೊರೆಯುವ ಚಳಿಗೆ ಗ್ರೀಸ್ ಬಿಗಿದು ಫ್ರೀ ವೀಲ್ ಹಿಡಿಯದೆ ಹೋಗುವುದು ನಿಮ್ಮಲ್ಲೂ ಉಂಟಂತೆ. ನಿಮಗೆ ಮೈನಸ್ 20ರಲ್ಲಿ ಬರುವ ಕಾಯಿಲೆಯನ್ನು ನಾವು ಪ್ಲಸ್ 14ರಲ್ಲೇ ತರಿಸಿಕೊಂಡಿದ್ದೇವೆ. ಯಾರು ಮುಂದುವರಿದವರು, ನೀನೇ ತೀರ್ಮಾನ ಮಾಡು.

ಇನ್ನು ಜಾರುವ ವಿಷಯ. ನಿಮ್ಮಲ್ಲಿ ಡಾಂಬರಿನ ಮೇಲೆ ಕಣ್ಣಿಗೆ ಕಾಣದ ತೆಳ್ಳನೆಯ ಮಂಜುಗಡ್ಡೆ ಕೂತಿರುತ್ತದಂತೆ, ಅದಕ್ಕಾಗಿ ಮೊಳೆ ಹೊಡೆದ ಟೈರು ಹಾಕಿಸಿದ್ದೀಯಂತೆ. ನಮ್ಮಲ್ಲಿ ಜಾರುವುದು ಕಣ್ಣಿಗೆ ಕಾಣುತ್ತದೆ, ಬೇಯಿಸಿ ತಿನ್ನಲೂ ಬರುತ್ತದೆ. ರಾಗಿ ಕೊಯ್ದು ಹುರುಳಿ ಕಿತ್ತ ಮೇಲೆ, ಡಿಸೆಂಬರ್ ಜನವರಿಯಲ್ಲಿ, ಕೆ.ಬಿ. ಕ್ರಾಸಿನಿಂದ ಹುಳಿಯಾರಿನ ದಿಕ್ಕಿಗೆ ಹೋಗು, ತುರುವೇಕೆರೆಯ ದಿಕ್ಕಿಗೆ ಹೋಗು, ಹಳ್ಳಿ ರಸ್ತೆಗಳೆಲ್ಲ ಕಣಗಳೇ. ನಿನ್ನ ತಾತ ಕಣ ಮಾಡುತ್ತಿದ್ದದ್ದು ನಿನಗೆ ನೆನಪಿರಲಾರದು. ನೆಲ ಕೆತ್ತಿ, ನೀರು ಚಿಮುಕಿಸಿ, ಗುಂಡು ಎಳೆದು, ಸಗಣಿ ಬಗ್ಗಡ ಬಳಿದು ಒಣಗಿಸಬೇಕಿತ್ತು. ಗುಂಡು ಎಳೆಯುವ ಎತ್ತು ಹೋದವು, ಬಗ್ಗಡ ಬಳಿಯುವ ಆಳುಗಳೂ ಹೋದರು. ಅದೇ ಹೊತ್ತಿಗೆ, 2000ದಲ್ಲಿ, ಪ್ರಧಾನ ಮಂತ್ರಿಗಳ ಹೆಸರಿನ ಗ್ರಾಮ ಸಡಕ್ ಯೋಜನೆ ಬಂತು. ದೆಹಲಿಯವರು ಅದನ್ನು ರಸ್ತೆ ಎಂದುಕೊಂಡು ಕೊಟ್ಟರು, ನಾವು ಬಗ್ಗಡ ಬಳಿಯಬೇಕಿಲ್ಲದ ಕಣ ಎಂದುಕೊಂಡು ತೆಗೆದುಕೊಂಡೆವು.

ಹುರುಳಿ ಬಳ್ಳಿಯನ್ನು ರಸ್ತೆಯ ಅಗಲಕ್ಕೂ ಹರಡಿ ರೈತ ಬೇಲಿ ಪಕ್ಕದ ನೆರಳಿಗೆ ಹೋಗಿ ಕೂರುತ್ತಾನೆ. ಬಸ್ಸು ಬಂದರೆ ಅವನ ಮುಖ ಅರಳುತ್ತದೆ, ಮರಳಿನ ಲಾರಿ ಬಂದರಂತೂ ಎದ್ದು ನಿಲ್ಲುತ್ತಾನೆ. ಕಾರಿಗೂ ಒಂದು ಮರ್ಯಾದೆ ಇದೆ. ಸೈಕಲ್‌ನವನು ಬಂದರೆ ಮಾತ್ರ ಮುಖ ಗಂಟು. ಅವನ ಭಾರಕ್ಕೆ ಒಂದು ಸೇರು ಕಾಳೂ ಉದುರುವುದಿಲ್ಲ, ಮೇಲಾಗಿ ಹರಡಿದ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು ಹೋಗುತ್ತದೆ. ಬೆಳಗಿನ ಇಬ್ಬನಿಗೆ ನೆಂದ ಬಳ್ಳಿ ಅಡಿಯಿಂದ ಚಾಪೆಯಂತೆ ಜರುಗುತ್ತದೆ, ಅದರ ಕೆಳಗೆ ಉದುರಿದ ಕಾಳು ಉರುಳುತ್ತದೆ. ಬ್ರೇಕ್ ಹಿಡಿದರೆ ಹಿಂದಿನ ಚಕ್ರ ಪಕ್ಕಕ್ಕೆ ಹೊರಡುತ್ತದೆ. ಬಳ್ಳಿ ಹಬ್ಬಿನೊಳಗೆ, ಚೈನಿನೊಳಗೆ ಹೊಸೆದುಕೊಂಡು, ಬ್ಲೇಡು ಹಾಕಿ ಕೊಯ್ಯದ ಹೊರತು ಬರುವುದಿಲ್ಲ. ಇದಕ್ಕೆ ತಕ್ಕ ಮೊಳೆಯ ಟೈರನ್ನು ನಿಮ್ಮ ಫಿನ್‌ಲೆಂಡಿನವರು ಇನ್ನೂ ಕಂಡುಹಿಡಿದಿಲ್ಲ ಅಂತ ಕಾಣುತ್ತದೆ. ಮೊಳೆ ಬೇಕೇ ಬೇಕು ಎಂದರೆ ಜಾಲಿ ಮುಳ್ಳು ಇದೆ, ಅದು ಹೊರಗಿನಿಂದ ಒಳಕ್ಕೆ ಹೋಗುತ್ತದೆ.

ರಸ್ತೆಯಲ್ಲಿ ಒಕ್ಕಣೆ ಮಾಡಿದರೆ ಕ್ರಮ ಜರುಗಿಸುತ್ತೇವೆ ಎಂದು ಪೊಲೀಸರು ಸುಗ್ಗಿ ಬಂದಾಗಲೆಲ್ಲ ಪತ್ರಿಕೆಯಲ್ಲಿ ಎಚ್ಚರಿಕೆ ಕೊಡುತ್ತಾರೆ. ಒಕ್ಕಣೆಯವರು ಮಧ್ಯಾಹ್ನ ಅದೇ ಪತ್ರಿಕೆ ಹಾಸಿಕೊಂಡು ಊಟಕ್ಕೆ ಕೂರುತ್ತಾರೆ. ಅವರನ್ನು ಬೈದು ಫಲವಿಲ್ಲ. ಕಾಳು ಉದುರಿಸಲು ಬಾಡಿಗೆ ಮೆಷಿನ್ ತರಿಸಿದರೆ ಹುರುಳಿ ಮಾರಿದ ದುಡ್ಡು ಮೆಷಿನ್‌ನವನಿಗೇ ಸರಿಹೋಗುತ್ತದೆ. ಉದ್ಯೋಗ ಖಾತ್ರಿಯಲ್ಲಿ ಒಕ್ಕಣೆ ಕಣ ಕಟ್ಟಿಸಿಕೊಳ್ಳಲು ಅವಕಾಶವುಂಟು, ಆದರೆ ಡಾಂಬರು ಮನೆ ಬಾಗಿಲಿಗೇ ಬಂದಿರುವಾಗ ಅರ್ಜಿ ಹಿಡಿದು ಪಂಚಾಯಿತಿಗೆ ಅಲೆಯುವವರು ಯಾರು?

ಈಗ ನಿನ್ನ ವಿಡಿಯೊಗೆ ಬರುತ್ತೇನೆ. ಊರೆಲ್ಲ ನೋಡಿದ್ದು ನಿನ್ನ ಮೀಸೆಯನ್ನು, ನಾನು ನೋಡಿದ್ದು ನಿನ್ನ ಚಕ್ರದ ಕೆಳಗಿನ ದಾರಿಯನ್ನು. ಅಪ್ಪಾ, ಅದೆಂಥ ದಾರಿ! ಹಿಮವನ್ನು ಹೆರೆದು, ಒತ್ತಿ, ಗೆರೆ ಎಳೆದು ಬಿಟ್ಟಿದ್ದಾರೆ. ಪಕ್ಕದಲ್ಲಿ ಉದ್ದಕ್ಕೂ ದೀಪ. ಕಾರಿನವನು ಬೇರೆಲ್ಲೋ ಹೋಗುತ್ತಿದ್ದಾನೆ, ನಿನಗೂ ಅವನಿಗೂ ಮುಖಾಮುಖಿಯೇ ಇಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಸುಮಾರು 2 ಲಕ್ಷ ಜನರ ಆ ಊರಿಗೆ 900 ಕಿಲೋಮೀಟರ್ ಚಿಲ್ಲರೆ ಸೈಕಲ್ ದಾರಿಯಿದೆಯಂತೆ. ರಾತ್ರಿ ಹಿಮ ಬಿದ್ದರೆ ಜನ ಏಳುವ ಮೊದಲೇ ಮುಖ್ಯ ಸೈಕಲ್ ದಾರಿ ಗುಡಿಸುವ ಯಂತ್ರಗಳು ಹೊರಡುತ್ತವಂತೆ. ಚಳಿಗಾಲದ ಸೈಕಲ್ ಸವಾರಿಗೆಂದೇ 2013ರಲ್ಲಿ ಅಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಅಲ್ಲಿನ ಮೆಟ್ಸೊಕಂಗಾಸ್ ಎಂಬ ಶಾಲೆಯ ಮುಂದೆ, ಮೈನಸ್ 17ರಲ್ಲಿ, ಹಿಮ ಹೊದ್ದು ಸಾಲಾಗಿ ನಿಂತ ಮಕ್ಕಳ ಸೈಕಲ್‌ಗಳ ಚಿತ್ರ ಲೋಕವೆಲ್ಲ ಸುತ್ತಿ ಬಂದಿದೆ.

ಹೀಗಾಗಿ, ಅಳಿಯ, ಊರವರು ನಿನ್ನನ್ನು ಗಂಡುಗಲಿ ಎಂದಾಗ ನಾನು ಸುಮ್ಮನಿದ್ದೆ. ನನ್ನ ಲೆಕ್ಕದಲ್ಲಿ ಗಂಡುಗಲಿ ಆ ಗುಡಿಸುವ ಯಂತ್ರದ ಡ್ರೈವರ್. ಆತನ ವಿಡಿಯೊ ಇದ್ದರೆ ಕಳಿಸು.

ನಮ್ಮ ಕಡೆಯ ಗಂಡುಗಲಿಗಳು ವಿಡಿಯೊ ಮಾಡಿಸಿಕೊಳ್ಳುವುದಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಸರಿರಾತ್ರಿಯಲ್ಲಿ ಕೊಟ್ಟಾಗ, ಮಂಕಿ ಕ್ಯಾಪಿನ ಮೇಲೆ ಟವೆಲ್ ಬಿಗಿದು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ತೋಟಕ್ಕೆ ಸೈಕಲ್ ತುಳಿಯುವ ಮುದುಕರಿದ್ದಾರೆ. ಹ್ಯಾಂಡಲ್ಲಿಗೆ ಕ್ಯಾನ್ ನೇತುಹಾಕಿಕೊಂಡು, ಡೈರಿ ಮುಚ್ಚುವ ಮುಂಚೆ ಮುಟ್ಟಬೇಕೆಂದು ಮಂಜಿನಲ್ಲಿ ಬೆಲ್ ಬಾರಿಸುತ್ತ ಬರುವವರಿದ್ದಾರೆ. ಆಮೇಲೆ ಹೈಸ್ಕೂಲ್ ಮಕ್ಕಳು. ಕೆರೆ ಏರಿಯ ಮೇಲೆ ಹತ್ತು ಮಾರು ಆಚೆಗೆ ಏನೂ ಕಾಣುವುದಿಲ್ಲ, ತೋಟದ ಪಕ್ಕ ಬಂದರೆ ಗರಿಯ ತುದಿಯಿಂದ ಇಬ್ಬನಿ ನೇರ ಕುತ್ತಿಗೆಯೊಳಗೆ ತೊಟ್ಟಿಕ್ಕುತ್ತದೆ. ಸ್ವೆಟರ್ ತೋಳನ್ನು ಬೆರಳ ತುದಿಗೂ ಎಳೆದುಕೊಂಡು ಹ್ಯಾಂಡಲ್ ಹಿಡಿಯುತ್ತಾರೆ. ಕೈಗವಸು ಎಂದರೆ ಅದೇ.

ಆ ಮಕ್ಕಳಿಗೆ ಸೈಕಲ್ ಬಂದ ಕಥೆಯೂ ನಿನಗೆ ಗೊತ್ತಿರಲಿ, ಯಾಕೆಂದರೆ ನೀನು ತುಳಿಯಲು ಕಲಿತದ್ದೂ ಅಂಥದೇ ಸೈಕಲ್ಲಿನಲ್ಲಿ. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಕೊಟ್ಟ ದಿನವೇ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋಗಿ ನಟ್ಟು ಬೋಲ್ಟು ಬಿಗಿಸಬೇಕಿತ್ತು ಎಂಬುದನ್ನು ಬಿಟ್ಟರೆ ಇದರಷ್ಟು ಒಳ್ಳೆಯ ಯೋಜನೆ ಹಳ್ಳಿ ಕಡೆಗೆ ಬಂದದ್ದು ಅಪರೂಪ. ಹೆಣ್ಣುಮಕ್ಕಳು ಏಳನೆಯದಕ್ಕೇ ಶಾಲೆ ಬಿಡುತ್ತಿದ್ದ ಊರುಗಳಲ್ಲಿ ಅವರು ಸಾಲು ಹಿಡಿದು ಬೆಲ್ ಹೊಡೆಯುತ್ತ ಹೋಗುವುದನ್ನು ನಾನು ನೋಡಿದ್ದೇನೆ. 2020ರಲ್ಲಿ ಕೋವಿಡ್ ಬಂತು, ಶಾಲೆ ಮುಚ್ಚಿತು, ಸೈಕಲ್ ಹಂಚುವುದೂ ನಿಂತಿತು. ಅದೇ ವರ್ಷ ಜೂನ್ 3ರಂದು, ವಿಶ್ವ ಬೈಸಿಕಲ್ ದಿನದಂದೇ, ಅಟ್ಲಾಸ್ ಸೈಕಲ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯಲ್ಲಿ ಕೆಲಸ ನಿಲ್ಲಿಸಿತು. ಕೋವಿಡ್ ಹೋಯಿತು, ಶಾಲೆ ತೆರೆಯಿತು. ಸೈಕಲ್ ಮಾತ್ರ ವರ್ಷಗಟ್ಟಲೆ ಬರಲಿಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ, ಅದು ದೊಡ್ಡ ಉಪಕಾರವೇ. ಆದರೆ ಬಸ್ಸು ಬರುವ ಊರಿಗೆ ತಾನೇ ಬಸ್ಸು ಉಚಿತ?

ನಮ್ಮಂಥ ದೊಡ್ಡವರು ಯಾಕೆ ತುಳಿಯುವುದಿಲ್ಲ ಎಂದು ನೀನು ಕೇಳಬಹುದು. ಚಳಿ ಎಂದು ಹೇಳುತ್ತೇವೆ. ನಿಜ ಹೇಳಲೋ? ಬೇಸಿಗೆಯಲ್ಲಿ ಬಿಸಿಲು, ಮಳೆಗಾಲದಲ್ಲಿ ಕೆಸರು ಎನ್ನುತ್ತೇವೆ. ಸೈಕಲ್ಲಿನ ಮೇಲೆ ಕಂಡರೆ ಎದುರಾದವರು ‘ಗಾಡಿ ಏನಾಯ್ತು, ಕೆಟ್ಟೋಯ್ತಾ?’ ಎಂದು ಕರುಣೆಯಿಂದ ಕೇಳುತ್ತಾರೆ, ಕಾಯಿಲೆಯವರನ್ನು ಕೇಳುವ ಧಾಟಿಯಲ್ಲಿ. ಕೈಯಲ್ಲಿ ಕಾಸಿಲ್ಲದಾಗಲೂ ಸೈಕಲ್ ಹತ್ತುವುದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇದ್ದರೂ ತಿಪಟೂರಿನ ಹರಾಜಿನಲ್ಲಿ ಅಷ್ಟು ಹುಟ್ಟದೆ ರೈತರು ಬೀದಿಗಿಳಿದಿದ್ದರು. ಆಗಲೂ ಬಂದದ್ದು ಎಕ್ಸೆಲ್ ಮೊಪೆಡ್ಡಿನಲ್ಲೇ. 2025ರಲ್ಲಿ ಬೆಲೆ 25,000 ದಾಟಿತು, ಎಕ್ಸೆಲ್ ಇದ್ದ ಕಡೆ ಬುಲೆಟ್ ಬಂತು. ಸೈಕಲ್ಲಿಗೆ ಕೊಬ್ಬರಿ ಬೆಲೆ ಏರಿದರೂ ಕಷ್ಟ, ಇಳಿದರೂ ಕಷ್ಟ. ಅಟ್ಟದ ಮೇಲೆ ಕಾಯಿ ವರ್ಷ ಕಾದು ಕೊಬ್ಬರಿಯಾಗುತ್ತದೆ, ಅಟ್ಟದ ಕೆಳಗೆ ಗೋಡೆಗೊರಗಿದ ಸೈಕಲ್ ವರ್ಷಗಟ್ಟಲೆ ಕಾದರೂ ಸೈಕಲ್ಲೇ.

ನೀನು ಸಂಕ್ರಾಂತಿಗೆ ಬರುತ್ತೀಯಂತೆ. ಬಾ. ಸೊಗಡಿನ ಅವರೆಕಾಯಿ ಇದೆ, ನಿನ್ನ ಅತ್ತೆ ಹಿದುಕಿಟ್ಟಿರುತ್ತಾಳೆ. ಚಾಕೊಲೇಟ್ ತರಬೇಡ. ತರುವುದಾದರೆ ಆ ಊರಿನ ನಗರಸಭೆಯವರು ಯಾವ ಸೈಕಲ್ ದಾರಿಯನ್ನು ಎಷ್ಟು ಹೊತ್ತಿಗೆ ಗುಡಿಸುತ್ತಾರೆ ಎಂಬ ಪಟ್ಟಿ ಇರುತ್ತದಲ್ಲ, ಅದರ ಒಂದು ಪ್ರತಿ ತಾ. ನಮ್ಮ ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಅಂಟಿಸೋಣ. ಮೀಸೆಯ ಮೇಲೆ ಹಿಮ ಕೂರಿಸಿಕೊಂಡ ವಿಡಿಯೊ ಇಲ್ಲಿಯೂ ಮಾಡುವ ಆಸೆಯಿದ್ದರೆ ಕೊಬ್ಬರಿ ಎಣ್ಣೆ ಬಾಟಲಿ ಬಚ್ಚಲಲ್ಲೇ ಇದೆ.

ಇತಿ,
ನಿನ್ನ ಮಾವ

ತಾ.ಕ.: ಅಳಿಯನ ಹೆಸರಿನಲ್ಲಿ ಇದನ್ನು ಓದುತ್ತಿರುವ ನಮ್ಮೂರಿನವರಿಗೆ ಎರಡು ಮಾತು. ಹುರುಳಿ ರಸ್ತೆಗೇ ಹಾಕುತ್ತೀರಿ, ಹಾಕಿ. ಎಡಗಡೆ ಒಂದು ಮಾರು ಜಾಗ ಬಿಡಿ. ಒಣಗಲು ಹಾಕಿದ ರಾಗಿಯ ಮೇಲೆ ಗಾಡಿಗಳು ಹತ್ತದಿರಲಿ ಎಂದು ಸುತ್ತ ಇಡುವ ದಪ್ಪ ಕಲ್ಲುಗಳನ್ನು, ಸಂಜೆ ಕಾಳು ಬಾಚಿಕೊಂಡ ಮೇಲೆ ದಯವಿಟ್ಟು ತೆಗೆದು ಹೋಗಿ. ಬೆಳಗ್ಗೆ ಮಂಜಿನಲ್ಲಿ ಅವು ಮಕ್ಕಳ ಕಣ್ಣಿಗೆ ಬೀಳುವುದಿಲ್ಲ.