ಕಲ್ಪನೆ ಮರೆತುಹೋಯ್ತು

ಕರ್ನಾಟಕ ಸಂಗೀತದ ಪಾಠ ಯಾವ ಊರಿನ ಯಾವ ಮನೆಯಲ್ಲಿ ನಡೆದರೂ ಮೊದಲ ದಿನ ಒಂದೇ: ಮಾಯಾಮಾಳವಗೌಳ, ಆದಿತಾಳ, ಸರಳೆ ವರಸೆ. ಈ ಕ್ರಮ ಹಾಕಿಕೊಟ್ಟವರು ಪುರಂದರದಾಸರೆಂದು ನಂಬಿಕೆ. ಸ್ವತಃ ದಾಸರೇ ಈಗ ಬಂದು ಸೇರಿದರೂ ಜೂನಿಯರ್ ಪರೀಕ್ಷೆಯ ಪುಸ್ತಕ ತಂದಿದ್ದೀರಾ ಎಂದು ಕೇಳದೆ ಒಳಗೆ ಬಿಡಲಾರೆವು.

ಜಂಟಿ, ದಾಟು, ಅಲಂಕಾರ ಮುಗಿದು ಗೀತೆಗೆ ಬಂದರೆ ಮಲಹರಿ ರಾಗ. ಅದರಲ್ಲಿ ನಿಷಾದವೇ ಇಲ್ಲ. ಗಾಂಧಾರ ಇಳಿಯುವಾಗ ಮಾತ್ರ ಇಣುಕುತ್ತದೆ. ಇಷ್ಟು ದಿನ ಏಳು ಸ್ವರ ಹಾಡಿಸಿ ಈಗ ಒಂದನ್ನು ಕಿತ್ತುಕೊಂಡರೆ ಮಗು ಕೇಳದೆ ಇರುತ್ತದೆಯೇ?

"ಮಿಸ್, ನಿ ಎಲ್ಲಿ?"

"ಈ ರಾಗಕ್ಕೆ ಬರಲ್ಲ ಪುಟ್ಟಾ. ತಾಳ ಹಾಕು."

ಟೀಚರನ್ನು ದೂರುವಂತಿಲ್ಲ. ಮುಂದಿನ ಬ್ಯಾಚಿನ ಮಕ್ಕಳು ಆಗಲೇ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತಿರುತ್ತಾರೆ. ಆದರೂ 'ನಿ ಸೇರಿಸಿಯೇ ಒಂದು ಸಲ ಹಾಡು, ಏನಾಗುತ್ತೆ ನೋಡೋಣ' ಎಂದಿದ್ದರೆ ಮಲಹರಿ ಎಲ್ಲಿ ಕೆಡುತ್ತದೆಂದು ಮಗುವಿನ ಕಿವಿಗೇ ತಿಳಿಯುತ್ತಿತ್ತು.

ಆಲಾಪನೆ, ನೆರವಲ್, ಕಲ್ಪನಾಸ್ವರ, ಅಂದರೆ ಹಾಡುವವರೇ ಆ ಕ್ಷಣಕ್ಕೆ ಕಟ್ಟುವ ಮನೋಧರ್ಮದ ಸರದಿ ಬರುವುದು ವರ್ಣ, ಕೃತಿಗಳೆಲ್ಲ ಆದ ಮೇಲೆ. ಅಷ್ಟು ವರ್ಷ 'ಹೇಳಿಕೊಟ್ಟಷ್ಟು ಹಾಡು' ಎಂದು ಗದರಿಸಿಕೊಂಡ ಹುಡುಗಿಗೆ ಒಂದು ಸಂಜೆ ಇದ್ದಕ್ಕಿದ್ದಂತೆ 'ನೀನೇ ಏನಾದರೂ ಹಾಡು' ಎಂದರೆ ಗಂಟಲು ಕಟ್ಟುತ್ತದೆ. ಅದಕ್ಕೂ ಉಪಾಯ ಇದೆ. ಕಲ್ಪನಾಸ್ವರವನ್ನು ನೋಟ್‌ಬುಕ್ಕಿನಲ್ಲಿ ಬರೆಸುವುದು! ಮೋಹನಕ್ಕೆ ನಾಲ್ಕು ಆವರ್ತ, ಕಲ್ಯಾಣಿಗೆ ನಾಲ್ಕು. ವೇದಿಕೆಯ ಮೇಲೆ ಹಾಗೆ ಉರು ಹೊಡೆದಿದ್ದನ್ನು ಒಪ್ಪಿಸುತ್ತ ನಡುವೆ ನಿಂತುಹೋದ ಹುಡುಗಿಯೊಬ್ಬಳು ಕೆಳಗಿಳಿದು ಬಂದು ಅಜ್ಜಿಗೆ ಹೇಳಿದಳು: "ಕಲ್ಪನೆ ಮರೆತುಹೋಯ್ತು ಅಜ್ಜಿ."

ಉರು ಹೊಡೆಯುವುದನ್ನು ಹಳಿಯುವವರ ಗುಂಪಿಗೆ ನಾನು ಸೇರುವುದಿಲ್ಲ. ವರಸೆ ತಿಕ್ಕದ ಗಂಟಲು ಹದಕ್ಕೆ ಬರುವುದಿಲ್ಲ. ಮೈಸೂರು ವಾಸುದೇವಾಚಾರ್ಯರು ತಿರುವಯ್ಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಕಲಿತರು. ಅಂಥ ಗುರುಕುಲಗಳಲ್ಲಿ ಬಾಯಿಪಾಠ ಇವತ್ತಿಗಿಂತ ಕಡಿಮೆಯೇನೂ ಇರಲಿಲ್ಲ. ಆದರೆ ಶಿಷ್ಯ ಗುರುವಿನ ಹಿಂದೆ ತಂಬೂರಿ ಹಿಡಿದು ಕೂರುತ್ತಿದ್ದ; ನಿನ್ನೆ ಒಂದು ಥರ ಬಂದ ತೋಡಿ ಇವತ್ತು ಬೇರೆ ದಾರಿ ಹಿಡಿಯುವುದನ್ನು ಕೇಳುತ್ತಿದ್ದ. ಯಾರೂ ಪಾಠ ಮಾಡದೆಯೇ ಮನೋಧರ್ಮ ಕಿವಿಗೆ ಇಳಿಯುತ್ತಿತ್ತು. ಈಗ ಮುಕ್ಕಾಲು ಗಂಟೆಯ ಕ್ಲಾಸಿನಲ್ಲಿ ಟೀಚರು ತಮಗಾಗಿ ಹಾಡಿಕೊಳ್ಳುವುದು ಯಾವಾಗ?

ಸ್ವಂತ ಸ್ವರದ ಆಟಕ್ಕೆ ವಿದ್ವತ್ ಮಟ್ಟದವರೆಗೆ ಕಾಯಬೇಕಿಲ್ಲ, ಅಲಂಕಾರದಲ್ಲೇ ಜಾಗವಿದೆ. ತ್ರಿಪುಟ ತಾಳಕ್ಕೆ 7 ಅಕ್ಷರ: ಸರಿಗ ಸರಿ ಗಮ. 'ಇದನ್ನು ಸ್ವಲ್ಪ ಬದಲಾಯಿಸಿಕೊಂಡು ಬಾ' ಎಂದು ಮನೆಗೆ ಕಳಿಸಿ. ಮಗು 'ಸಗರಿ ಸರಿ ಗಮ' ಎಂದು ತಂದರೆ ಅದನ್ನೇ 'ರಿಮಗ ರಿಗ ಮಪ' ಎಂದು ಮೇಲಿನವರೆಗೂ ಹತ್ತಿಸಬೇಕು, ಇಳಿಯುವಾಗ 'ಸಧನಿ ಸನಿ ಧಪ' ಎಂದು ತಿರುವಬೇಕು. ತಾಳ ತಪ್ಪುವಂತಿಲ್ಲ, ಸ್ವಂತದ್ದೂ ಆಯಿತು. ಕಲ್ಪನಾಸ್ವರ ಇದರ ದೊಡ್ಡಣ್ಣ, ಅಷ್ಟೇ.

ಅಪ್ಪ ಅಮ್ಮಂದಿರಲ್ಲೂ ಒಂದು ಬಿನ್ನಹ. ಮಗು ಬಚ್ಚಲಲ್ಲಿ ಪುಸ್ತಕದಲ್ಲಿಲ್ಲದ ಸ್ವರ ಹಾಡುತ್ತಿದ್ದರೆ, 'ಪಾಠ ಮಾತ್ರ ಹಾಡು' ಎಂದು ಬಾಗಿಲು ಬಡಿಯಬೇಡಿ. ಬಿಸಿನೀರು ಖಾಲಿಯಾದರೆ ಆಗಲಿ.