ಕ್ರೇಟೋಸ್ ಸಾಹೇಬರಿಗೆ, ವಿಜಯಪುರದಿಂದ ಒಂದು ಬಹಿರಂಗ ಪತ್ರ

ಮಿಡ್‌ಗಾರ್ಡಿನ ಕಾಡಂಚಿನಲ್ಲಿ ಮಗನೊಡನೆ ವಾಸವಾಗಿರುವ, ಮೂಲತಃ ಸ್ಪಾರ್ಟಾದವರಾದ ರಾಜಮಾನ್ಯ ರಾಜಶ್ರೀ ಕ್ರೇಟೋಸ್ ಸಾಹೇಬರಿಗೆ, ವಿಜಯಪುರ ನಗರದ ಒಬ್ಬ ಸೋದರಮಾವ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ ಎಂದು ಬರೆಯುವುದು ವಾಡಿಕೆ. ನಮ್ಮ ಕಡೆ ಕುಶಲವೇ. ನಿಮ್ಮ ಕಡೆಯ ಕುಶಲವನ್ನು ನಿನ್ನೆ ರಾತ್ರಿ ಕಣ್ಣಾರೆ ಕಂಡಿದ್ದೇನೆ. ಒಂದೇ ಟ್ರೋಲ್ ರಾಕ್ಷಸನ ಕಾಲಡಿ ಎಷ್ಟು ಸಲ ಸತ್ತಿರೋ, ಲೆಕ್ಕ ಇಡುವುದನ್ನೇ ಬಿಟ್ಟೆ. ಆ ಸಾವುಗಳಲ್ಲಿ ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ. ಅವೆಲ್ಲ ನಮ್ಮ ಅಳಿಯನ ಕೈಗುಣ.

ಅಳಿಯ ಎಂದರೆ ತಿಕೋಟಾದ ಅಕ್ಕನ ಮಗ. ಡಿಗ್ರಿ ಓದಲೆಂದು ನಮ್ಮ ಮನೆಯಲ್ಲಿದ್ದಾನೆ. ಈ ಸಲ ಮಣುಕ ಮಾರಿ ಬಂದ ದುಡ್ಡಿನಲ್ಲಿ ಅವನಪ್ಪ ಲ್ಯಾಪ್‌ಟಾಪಿಗೆ ಅಂತ ಕೊಟ್ಟದ್ದರಲ್ಲಿ ಇವನು ಯಾರೋ ಬಳಸಿ ಬಿಟ್ಟ ಪ್ಲೇಸ್ಟೇಷನ್ 4 ತಂದ. ಒಣದ್ರಾಕ್ಷಿಯ ಶೆಡ್ಡಿನಲ್ಲಿ ಬಲೆಯ ಮೇಲೆ ಹಣ್ಣು ಹರವಿ ವಾರಗಟ್ಟಲೆ ಕಾದವರ ದುಡ್ಡು ಅದು. ಅದರಲ್ಲಿ ಬಂದ ಯಂತ್ರದ ಮುಂದೆ ಈ ಹುಡುಗ ಅರೆಗಳಿಗೆ ಕಾಯುವುದಿಲ್ಲ. ‘ಗಾಡ್ ಆಫ್ ವಾರ್’ ಎಂಬ ಆಟವಾಗಿ ನೀವು ಆ ಯಂತ್ರದಲ್ಲಿ ಅವತರಿಸಿದ್ದು 2018ರ ಏಪ್ರಿಲ್ 20ಕ್ಕೆ. ಆ ವರ್ಷದ ಶ್ರೇಷ್ಠ ಆಟವೆಂದು ದಿ ಗೇಮ್ ಅವಾರ್ಡ್ಸ್‌ನಲ್ಲಿ ಬಿರುದೂ ಸಿಕ್ಕಿತು. ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳಾದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಪರಸ್ಪರ ಪರಿಚಯಕ್ಕೆ ಮಾತ್ರ ಇಷ್ಟು ವರ್ಷ ಹಿಡಿಯಿತು.

ನಿಮ್ಮ ಹಿಂದಿನ ಚರಿತ್ರೆ ನನಗೆ ಗೊತ್ತು. ಗ್ರೀಸಿನಲ್ಲಿ ಹೆತ್ತ ತಂದೆ ಜ್ಯೂಸ್‌ನನ್ನೂ ಬಿಡದೆ ದೇವತೆಗಳ ವಂಶ ತೆಗೆದು, ಉತ್ತರದ ಹಿಮದ ನಾಡಿಗೆ ಬಂದು ಹೊಸ ಸಂಸಾರ ಹೂಡಿದವರು. ಅಂಥವರು ಈಗ ಗಡ್ಡ ಬಿಟ್ಟುಕೊಂಡು ಮಗ ಅಟ್ರೇಯಸ್‌ಗೆ ತಾಳ್ಮೆಯ ಪಾಠ ಹೇಳುತ್ತೀರಿ. ಹೆಂಡತಿಯ ಚಿತೆಗೆ ಮರ ಕಡಿಯುವಲ್ಲಿಂದ ಆಟ ಶುರು, ಆಮೇಲೆ ಜಿಂಕೆ ಬೇಟೆ. ಹುಡುಗ ಅವಸರಪಟ್ಟು ಬಾಣ ಬಿಡುತ್ತಾನೆ, ಜಿಂಕೆ ಓಡುತ್ತದೆ, ನೀವು ಗದರುತ್ತೀರಿ. ಇತ್ತ ಸೋಫಾದ ಮೇಲೆ ಕೂತ ಇನ್ನೊಬ್ಬ ಹುಡುಗ ನಿಮ್ಮ ಮಾತು ಮುಗಿಯುವ ಮೊದಲೇ ಕಂಡ ಕಂಡ ಗುಂಡಿ ಒತ್ತುತ್ತ, ‘ಲಗೂನ ಮುಗಸೋ ಎಪ್ಪಾ’ ಅನ್ನುತ್ತಿರುತ್ತಾನೆ. ಸಾಹೇಬರೇ, ನಿಮಗೆ ಶಿಷ್ಯರು ಒಬ್ಬರಲ್ಲ, ಇಬ್ಬರು. ಎರಡನೆಯವನ ಹೆಸರನ್ನೂ ಹಚ್ಚಿಕೊಳ್ಳಿ ಎಂಬುದೇ ಈ ಪತ್ರದ ಅರ್ಜಿ.

ಸಂಜೆಯಾದರೆ ತಿಕೋಟಾದಿಂದ ಅಕ್ಕನ ಫೋನು ಬರುತ್ತದೆ. ‘ಏನ್ ಮಾಡಾಕತ್ತಾನೋ ಹುಡುಗ?’

‘ಹಿರ್ಯಾರೊಬ್ರು ತಾಳ್ಮಿ ಅಂದ್ರ ಏನಂತ ಹೇಳಾಕತ್ತಾರ ಅಕ್ಕಾ, ಕೇಳಕೋಂತ ಕುಂತಾನ.’

ಅದರಲ್ಲಿ ಮೊದಲರ್ಧ ಖರೆ.

ಈಗ ದೂರುಗಳಿಗೆ ಬರುತ್ತೇನೆ. ಶುರುವಿನಲ್ಲೇ ಆಟ ನಾಲ್ಕು ಮೆಟ್ಟಿಲು ತೋರಿಸುತ್ತದೆ. ಕಥೆ ಸಾಕು ಅನ್ನುವವರಿಗೆ ಒಂದು, ಸಮತೂಕದ್ದೊಂದು, ಸವಾಲಿನದೊಂದು, ನಾಲ್ಕನೆಯದರ ಹೆಸರು ‘ಗಿವ್ ಮಿ ಗಾಡ್ ಆಫ್ ವಾರ್’. ಮೊದಲ ಮೂರರ ನಡುವೆ ಬೇಕಾದಾಗ ಹತ್ತಿ ಇಳಿಯಬಹುದು. ನಾಲ್ಕನೆಯದನ್ನು ಹಿಡಿದವನಿಗೆ ಇಳಿಯುವ ದಾರಿಯಿಲ್ಲ, ಇಳಿಯಬೇಕೆಂದರೆ ಆಟವನ್ನೇ ಮೊದಲಿನಿಂದ ಹೂಡಬೇಕು. ಅಳಿಯ ಯಾವುದನ್ನು ಹಿಡಿದ ಎಂದು ಬೇರೆ ಹೇಳಬೇಕೇ? ಎರಡನೆಯದನ್ನು ಹಿಡಿದರೆ ಬಬಲೇಶ್ವರದ ಗೆಳೆಯ ನಗುತ್ತಾನಂತೆ. ಈಗ ನಿಮ್ಮ ಮನೆ ಬಾಗಿಲು ಬಡಿದು ಬಂದ ಆ ಹಚ್ಚೆಯ ಮೈಯವನು (ಹೆಸರು ಬರೆಯುವುದಿಲ್ಲ, ಅಳಿಯ ಈ ಪತ್ರ ಓದುತ್ತಾನೆ) ನಿಮ್ಮನ್ನು ಎತ್ತಿ ಎಸೆದಾಗಲೆಲ್ಲ ಅದೇ ಗೆಳೆಯ ವಿಡಿಯೋ ಕಾಲ್‌ನಲ್ಲಿ ಕೂತು ನಗುತ್ತಾನೆ.

ಎರಡನೆಯ ದೂರು ಗುರಾಣಿಯದು. ನಿಮ್ಮ ಎಡಗೈಗೆ ಮಡಚುವ ಗುರಾಣಿ ಇದೆ ಎಂಬ ಸುದ್ದಿ ನಮ್ಮವನಿಗೆ ಇನ್ನೂ ಮುಟ್ಟಿಲ್ಲ. ಎಲ್1 ಒತ್ತಿದರೆ ಅದು ಬಿಚ್ಚಿಕೊಳ್ಳುತ್ತದೆ. ಏಟು ಬೀಳುವ ಗಳಿಗೆಗೆ ಸರಿಯಾಗಿ ಒತ್ತಿದರೆ ಹೊಡೆಯಲು ಬಂದವನೇ ತತ್ತರಿಸುತ್ತಾನೆ, ಆಗ ನಿಮ್ಮ ಸರದಿ. ಹೊಸಬ ಕಲಿಯಬೇಕಾದ ವಿದ್ಯೆ ಇದೊಂದೇ ಎಂದರೂ ನಡೆದೀತು. ನಮ್ಮ ಕಂಟ್ರೋಲರಿನಲ್ಲಿ ಏಟು ಹಾಕುವ ಆರ್1 ಸವೆದು ನುಣ್ಣಗಾಗಿದೆ, ಎಲ್1 ಹೊಚ್ಚ ಹೊಸದರಂತಿದೆ. ಇನ್ನು ಕೆಲವು ಏಟುಗಳಿಗೆ ಗುರಾಣಿಯೂ ನಡೆಯದು. ಎದುರಾಳಿಯ ಮೇಲೆ ಕೆಂಪು ಬಳೆ ಮಿಂಚಿತೆಂದರೆ ಪಕ್ಕಕ್ಕೆ ಜಿಗಿಯಲೇಬೇಕು. ಇದನ್ನು ಬೇರೆ ಊರಿನವರಿಗೆ ಹೇಳಿಕೊಡಬೇಕಾದೀತು, ಈ ಸೀಮೆಯವರಿಗೆ ಬೇಕಾಗಿರಲಿಲ್ಲ. ಕಾರಹುಣ್ಣಿಮೆಯ ಕರಿ ನೋಡಲು ಕಾಖಂಡಕಿಗೆ ಹೋದಾಗ, ಸಿಂಗರಿಸಿದ ಹೋರಿ ಮಂದಿಯ ನಡುವೆ ನುಗ್ಗಿ ಬಂದರೆ ಇವನೇನು ಎದುರು ನಿಂತು ಕೈ ಅಡ್ಡ ಹಿಡಿಯುತ್ತಾನೆಯೇ? ಎಲ್ಲರಿಗಿಂತ ಮೊದಲು ಕಟ್ಟೆ ಹತ್ತುತ್ತಾನೆ. ಅದೇ ಹುಡುಗ ಸೋಫಾದ ಮೇಲೆ ಕೂತಾಗ ಎದೆ ಕೊಟ್ಟು ನಿಲ್ಲುತ್ತಾನೆ. ಎದೆ ನಿಮ್ಮದಲ್ಲವೇ.

ಬೆನ್ನ ಹಿಂದಿನ ಏಟುಗಳ ಕಥೆ ಬೇರೆ. ಇಡೀ ಕಥೆಯನ್ನು ಎಲ್ಲೂ ಕಡಿಯದೆ ಒಂದೇ ಶಾಟಿನಲ್ಲಿ, ನಿಮ್ಮ ಹೆಗಲಿಗಂಟಿಕೊಂಡೇ ತೋರಿಸಬೇಕೆಂಬುದು ನಿರ್ದೇಶಕ ಕೋರಿ ಬಾರ್ಲಾಗ್ ಅವರ ಹಟವಾಗಿತ್ತು. ನೋಡಲು ಬಲು ಚೆಂದ, ಆದರೆ ಹಿಂದಿನಿಂದ ಬರುವವನು ಕಾಣುವುದಿಲ್ಲ. ಅದಕ್ಕೇ ನಿಮ್ಮ ಸುತ್ತ ಪುಟ್ಟ ಬಾಣದ ಗುರುತುಗಳು ಮೂಡುತ್ತವೆ, ಮಗನೂ ಕೂಗಿ ಎಚ್ಚರಿಸುತ್ತಾನೆ. ಕೂಗುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ದನಿಯೂ ಇಲ್ಲ, ಅಡಿಬರಹವೂ ಇಲ್ಲ. ಆ ನೆಪವನ್ನು ಅಳಿಯ ಹೇಳುವಂತಿಲ್ಲ ಬಿಡಿ, ನಾನು ಅಚ್ಚ ಕನ್ನಡದಲ್ಲಿ ಹೇಳಿದ್ದನ್ನೂ ಅವನು ಕೇಳುವುದಿಲ್ಲ. ರಾತ್ರಿ ನನಗೆ ಎಚ್ಚರಾದೀತೆಂದು ಟಿ.ವಿ.ಯ ದನಿ ಪೂರಾ ಇಳಿಸಿ ಆಡುತ್ತಾನೆ, ಹಾಗಾಗಿ ನಿಮ್ಮ ಮಗನ ಕೂಗು ಅರಣ್ಯರೋದನ.

ಅದಿರಲಿ, ಆ ಮಗನನ್ನು ಇವನು ಬಳಸುವ ರೀತಿ ನೋಡಿ. ಚೌಕದ ಗುಂಡಿ ಒತ್ತಿದರೆ ಅಟ್ರೇಯಸ್ ಬಾಣ ಬಿಡುತ್ತಾನೆ. ಮುಗಿದರೆ ಬತ್ತಳಿಕೆ ತಾನಾಗಿ ತುಂಬುತ್ತದೆ, ಪುಕ್ಕಟೆ. ಆದರೂ ಏನು ಕಂಜೂಸ್‌ತನ! ಕಾದಾಡಿ ಗಳಿಸಿದ ಅನುಭವದ ಅಂಕಗಳು ಅಪ್ಪ ಮಗ ಇಬ್ಬರಿಗೂ ಒಂದೇ ಗಂಟಿನಲ್ಲಿರುತ್ತವೆ, ಹಂಚಿ ಖರ್ಚು ಮಾಡಬೇಕು. ಅಳಿಯ ಅಷ್ಟನ್ನೂ ಅಪ್ಪನ ಕೊಡಲಿಗೇ ಸುರಿದಿದ್ದಾನೆ. ಮಗನಿಗೆ ಹಾಕಿದ ದುಡ್ಡು ಹೊರಳಿ ಬರುವುದಿಲ್ಲ ಎಂಬ ತಿಳಿವಳಿಕೆ ಇವನಿಗೆ ಎಲ್ಲಿಂದ ಬಂತು ಎಂಬುದನ್ನು ತಿಕೋಟಾದ ಅವನಪ್ಪನನ್ನೇ ಕೇಳಬೇಕು.

ಲೆವಿಯಾಥನ್ ಕೊಡಲಿಯ ಬಗ್ಗೆ ದೂರಿಲ್ಲ. ಎಸೆದು ತ್ರಿಕೋನದ ಗುಂಡಿ ಒತ್ತಿದಾಗ ಅದು ಗಿರಗಿರ ತಿರುಗುತ್ತ ಬಂದು ಅಂಗೈಗೆ ಬಡಿಯುವ ಸುಖವನ್ನು ನಾನೂ ಕದ್ದು ಅನುಭವಿಸಿದ್ದೇನೆ. ಮರಳುವ ದಾರಿಯಲ್ಲಿ ಯಾರಾದರೂ ನಿಂತಿದ್ದರೆ ಅವರಿಗೂ ಏಟು ಬೀಳುತ್ತದೆ, ಲೆಕ್ಕ ಹಾಕಿ ನಿಂತರೆ ಒಂದು ಎಸೆತಕ್ಕೆ ಎರಡು ಫಲ. ಆದರೆ ಅದು ಹಿಮದ ಕೊಡಲಿ, ಹಿಮಗಟ್ಟಿದ ಹೆಣಗಳ ಮೇಲೆ ನಡೆಯದು. ಅಲ್ಲಿ ಬರಿಗೈಯೇ ಗತಿ. ಗುದ್ದಿಗೆ ಎದುರಾಳಿಯ ಜೀವ ಅಷ್ಟಾಗಿ ಇಳಿಯದಿದ್ದರೂ ಅದರ ಕೆಳಗಿನ ಇನ್ನೊಂದು ಪಟ್ಟಿ ಬೇಗ ತುಂಬುತ್ತದೆ. ತುಂಬಿದೊಡನೆ ಆರ್3 ಒತ್ತಿದರೆ ಒಂದೇ ಏಟಿಗೆ ಇತ್ಯರ್ಥ. ನಿಮ್ಮ ಸುಪ್ರಸಿದ್ಧ ಸಿಟ್ಟನ್ನು ಜಗಳದ ಮೊದಲಿಗೇ ಖಾಲಿ ಮಾಡಬಾರದು. ಸಿಟ್ಟಿನಲ್ಲಿ ಹೊಡೆದ ಒಂದೊಂದು ಏಟಿಗೂ ನಿಮ್ಮ ಜೀವ ಒಂದಿಷ್ಟು ತುಂಬಿಕೊಳ್ಳುತ್ತದೆಯಾದ್ದರಿಂದ ಅದನ್ನು ಪ್ರಾಣ ಹೋಗುವ ಹೊತ್ತಿಗೆ ಇಟ್ಟುಕೊಳ್ಳಬೇಕು. ಅಳಿಯನಿಗೆ ಸಿಟ್ಟು ಮೊದಲು, ಆಟ ಆಮೇಲೆ.

ಇನ್ನು ದುಡ್ಡಿನ ಮಾತು. ನಿಮ್ಮ ನಾಡಿನ ಚಲಾವಣೆ ಹ್ಯಾಕ್‌ಸಿಲ್ವರ್, ಅಂದರೆ ಕತ್ತರಿಸಿದ ಬೆಳ್ಳಿಚೂರು. ಇದು ಆಟದವರು ಕಟ್ಟಿದ ಕಥೆಯಲ್ಲ, ವೈಕಿಂಗರು ನಿಜಕ್ಕೂ ಬೆಳ್ಳಿಯನ್ನು ತುಂಡು ಮಾಡಿ ತೂಗಿ ಕೊಡುತ್ತಿದ್ದರು. ನಮಗೇನೂ ಇದು ವಿಚಿತ್ರವಲ್ಲ. ಇದೇ ಊರಿನಿಂದ ಆಳಿದ ಎರಡನೇ ಅಲಿ ಆದಿಲ್‌ಶಾಹ ಬೆಳ್ಳಿ ತಂತಿಯನ್ನು ಮಡಚಿ, ಮೇಲೆ ಮುದ್ರೆ ಒತ್ತಿ ಲಾರಿ ನಾಣ್ಯ ಮಾಡಿಸಿದ್ದ. ಬೆಳ್ಳಿಯನ್ನು ಕೂಡಿಡುವುದರಿಂದ ನಿಮಗೆ ನಯಾಪೈಸೆ ಲಾಭವಿಲ್ಲ. ಬ್ರಾಕ್, ಸಿಂಡ್ರಿ ಎಂಬ ಆ ಕುಳ್ಳ ಕಮ್ಮಾರರ ಅಂಗಡಿಯಲ್ಲಿ ಒಡನೇ ಖರ್ಚು ಮಾಡಿ ಕವಚ ಬಲಪಡಿಸಿಕೊಳ್ಳಬೇಕು, ಸತ್ತರೆ ಅಲ್ಲೇ ಎಬ್ಬಿಸುವ ಕಲ್ಲೊಂದನ್ನು ಸದಾ ಜೇಬಿನಲ್ಲಿಟ್ಟುಕೊಳ್ಳಬೇಕು. ಮಾರುವಾಗ ಮಾತ್ರ ಎಚ್ಚರ. ದಾರಿಯಲ್ಲಿ ಸಿಕ್ಕ ಹಳೆಯ ಕಲಾವಸ್ತುಗಳನ್ನು ಧಾರಾಳವಾಗಿ ಮಾರಬಹುದು, ಆಯುಧ ಕವಚಗಳಿಗೆ ಬೇಕಾಗುವ ಅದಿರು ಸರಕನ್ನು ಕೂಡದು. ಅಳಿಯ ತಿರುವುಮುರುವು ಮಾಡಿದ. ಅವನನ್ನೂ ಅನ್ನುವಂತಿಲ್ಲ, ಈ ಊರಿಗೇ ಆ ಚರಿತ್ರೆಯಿದೆ. 1549ರಲ್ಲಿ ಎರಕ ಹೊಯ್ದ, ಬಾಯಲ್ಲಿ ಆನೆ ಕಚ್ಚಿದ ಸಿಂಹಮುಖದ, 55 ಟನ್ನಿನ ಮಲಿಕ್-ಎ-ಮೈದಾನ್ ತೋಪನ್ನು 1854ರಲ್ಲಿ ಗುಜರಿ ಲೆಕ್ಕದಲ್ಲಿ ಹರಾಜಿಗಿಟ್ಟಾಗ ಬಂದ ಸವಾಲು 150 ರೂಪಾಯಿ. ಪುಣ್ಯಕ್ಕೆ ಹರಾಜು ರದ್ದಾಯಿತು. ಅಳಿಯನ ವ್ಯಾಪಾರಕ್ಕೆ ಆ ಪುಣ್ಯವಿರಲಿಲ್ಲ.

ಇಷ್ಟಾದರೂ ನನಗೆ ನಿಜವಾಗಿ ಹೊಟ್ಟೆ ಉರಿಯುವುದು ದೋಣಿಯ ವಿಷಯದಲ್ಲಿ. ಒಂಬತ್ತು ಲೋಕದ ನಡುವಿನ ಆ ಸರೋವರದಲ್ಲಿ, ಜಗತ್ತನ್ನೇ ಸುತ್ತಿಕೊಂಡ ಹಾವು ಯೋರ್ಮುಂಗಾಂಡರ್ ಮಲಗಿರುವಲ್ಲಿ, ನೀವು ಹುಟ್ಟು ಹಾಕುತ್ತ ಹೋಗುತ್ತೀರಿ. ನಡುವಿಗೆ ಕಟ್ಟಿಕೊಂಡ ಮಿಮಿರನ ತಲೆ ಓಡಿನನ ಮೋಸ, ತೋರನ ಅಟ್ಟಹಾಸ, ಹಿಂದಿನ ದೈತ್ಯರ ಪಾಡು ಎಲ್ಲವನ್ನೂ ಹೇಳತೊಡಗುತ್ತದೆ. ಐಸ್‌ಲೆಂಡಿನ ಸ್ನೋರಿ ಸ್ಟುರ್ಲುಸನ್ 13ನೇ ಶತಮಾನದಲ್ಲಿ ಬರೆದಿಟ್ಟ ಪುರಾಣವೇ ಅದು, ಈ ತಲೆಯ ಬಾಯಲ್ಲಿ ಚಾಡಿಯ ರುಚಿ ಬೆರೆತು ಬರುತ್ತದೆ. ಕಥೆ ರಂಗೇರಿದಾಗಲೇ ಅಳಿಯ ದಡದಲ್ಲಿ ಪೆಟ್ಟಿಗೆ ಕಂಡು ದೋಣಿ ಕಟ್ಟಿ ಇಳಿಯುತ್ತಾನೆ. ಮಿಮಿರ್ ಬಾಯಿ ಮುಚ್ಚುತ್ತಾನೆ. ಮತ್ತೆ ದೋಣಿ ಏರಿದಾಗ ಆ ತಲೆ ಬೇಸರಿಸದೆ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಕುತ್ತಿಗೆಯಿಂದ ಕೆಳಗೆ ಏನೂ ಇಲ್ಲದವನಿಗೆ ಇರುವ ಸಮಾಧಾನ ನೋಡಿ.

ದಡಕ್ಕಿಳಿಯುವುದೇ ತಪ್ಪು ಎನ್ನುತ್ತಿಲ್ಲ. ಮುಖ್ಯ ಕಥೆಯ ಬೆನ್ನು ಹತ್ತಿ ನೆಟ್ಟಗೆ ಓಡುವವನೇ ಈ ಆಟದಲ್ಲಿ ಬೇಗ ಸೋಲುವುದು. ನೀರಿನ ಮಟ್ಟ ಇಳಿದಾಗ ಹೊಸ ದಂಡೆಗಳು ತೆರೆದುಕೊಳ್ಳುತ್ತವೆ, ಆಗ ಒಂದು ಸುತ್ತು ಹಾಕಲೇಬೇಕು. ಮೂರು ಅಕ್ಷರದ ಬೀಗ ಹಾಕಿದ ನೋರ್ನರ ಪೆಟ್ಟಿಗೆಗಳನ್ನು ಬಿಡಲೇಬಾರದು. ಅವುಗಳಲ್ಲಿ ಸಿಗುವ ಮೂರು ಇಡುನ್ ಸೇಬಿಗೊಮ್ಮೆ ನಿಮ್ಮ ಜೀವದ ಪಟ್ಟಿ ಉದ್ದವಾಗುತ್ತದೆ, ಮೂರು ಕೊಂಬು ಮಧುವಿಗೊಮ್ಮೆ ಸಿಟ್ಟಿನ ಪಟ್ಟಿ. ತಲೆಯ ಮೇಲೆ ನೇರಳೆ ಬಣ್ಣದ ಪಟ್ಟಿ ಹೊತ್ತವನು ಎದುರಾದರೆ ಅವನ ಊರು ಅವನಿಗಿರಲಿ ಎಂದು ಹಿಂದೆ ಸರಿಯಬೇಕು, ಬಲ ಬಂದ ಮೇಲೆ ಹೋದರಾಯಿತು. ಹಿಂದೆ ಸರಿಯುವುದು ಎಂದೊಡನೆ ಅಳಿಯನ ಮೀಸೆ ಮಣ್ಣಾಗುತ್ತದೆ. ಇನ್ನೂ ಸರಿಯಾಗಿ ಮೂಡದ ಮೀಸೆ.

ಬಬಲೇಶ್ವರದ ಗೆಳೆಯನದು ಇನ್ನೊಂದು ಕಥೆ. ಅವನು ಆಡುವುದು 2020ರ ಅಸ್ಯಾಸಿನ್ಸ್ ಕ್ರೀಡ್ ವಾಲ್‌ಹಲ್ಲಾ. ಅಲ್ಲಿ ಏವರ್ ಎಂಬ ವೈಕಿಂಗ್ ಇಂಗ್ಲೆಂಡಿಗೆ ದಾಳಿಯಿಡುತ್ತ, ನಡುನಡುವೆ ಫ್ಲೈಟಿಂಗ್ ಎಂಬ ಪಂದ್ಯಕ್ಕೆ ನಿಲ್ಲುತ್ತಾನೆ. ಎದುರಾಳಿ ಪ್ರಾಸ ಕಟ್ಟಿ ಬೈಯುತ್ತಾನೆ, ನೀವು ಅದೇ ಲಯಕ್ಕೆ ಪ್ರಾಸ ಕೂಡಿಸಿ ತಿರುಗಿ ಬೈಯಬೇಕು. ಗೆದ್ದರೆ ಮಾತಿನ ವರ್ಚಸ್ಸು ಏರಿ ಮುಂದೆ ಎಷ್ಟೋ ಜಗಳ ಕೊಡಲಿ ಎತ್ತದೆ ಬಗೆಹರಿಯುತ್ತವೆ. ಗೆಳೆಯ ಅದರಲ್ಲಿ ಸದಾ ಸೋಲುತ್ತಾನೆ. ಹರದೇಶಿ ನಾಗೇಶಿ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳತನಕ ಸವಾಲ್ ಜವಾಬ್ ಹಾಡಿದ, ಹಲಸಂಗಿಯ ಖಾಜಾಭಾಯಿಯಂಥ ಲಾವಣಿಕಾರ ಬಾಳಿದ ಜಿಲ್ಲೆಯ ಹುಡುಗ, ಪ್ರಾಸದಲ್ಲಿ ಬೈಯಲು ಬಾರದೆ ವೈಕಿಂಗರಿಗೆ ಸೋತ! ಇದನ್ನು ಜಿಲ್ಲೆಯ ಹಿರಿಯರ ಗಮನಕ್ಕೆ ತರುವುದು ನನ್ನ ಕರ್ತವ್ಯ.

ಕಡೆಯದಾಗಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಮಗನನ್ನು ಗದರುವಾಗ ಮುಖವನ್ನು ಒಂದಿಷ್ಟು ಈ ಕಡೆಗೂ ತಿರುಗಿಸಿ. ನಮ್ಮ ಮಾತು ನಡೆಯದು, ನಮ್ಮ ಕೈಯಲ್ಲಿ ಕೊಡಲಿ ಇಲ್ಲ.

ಇಂತಿ ತಮ್ಮ ವಿಶ್ವಾಸಿ,
ಗೋಳಗುಮ್ಮಟದ ಹತ್ತಿರದ ಸೋದರಮಾವ

ತಾ.ಕ.: ಪತ್ರ ಮಡಚುವ ಹೊತ್ತಿಗೆ ಅಳಿಯ ಎರಡನೆಯ ಭಾಗ ತರಲು ರೊಕ್ಕ ಕೇಳಿದ. 2022ರ ನವೆಂಬರಿನಲ್ಲಿ ಬಂದ ರಾಗ್ನರೋಕ್, ಮೊದಲನೆಯದು ಮುಗಿದಲ್ಲಿಂದ ಮುಂದಿನ ಕಥೆ. ಇವನು ಇನ್ನೂ ಮೊದಲನೆಯದನ್ನೇ ಮುಗಿಸಿಲ್ಲ. ಎಂಟು ಮಂದಿ ವಾಲ್ಕಿರಿಯರನ್ನೂ ಅವರ ರಾಣಿ ಸಿಗ್ರೂನಳನ್ನೂ ಗೆದ್ದು ಬಂದರೆ ಕೊಡುತ್ತೇನೆ ಎಂದಿದ್ದೇನೆ. ಆ ರಾಣಿ ಎಂಥವಳೆಂದು ನಿಮಗೆ ಗೊತ್ತು, ನನಗೂ ಗೊತ್ತು. ಅವನಿಗೆ ಹೇಳಬೇಡಿ.