ಪೆನ್‌ಡ್ರೈವ್ ಭಾವ

ಸಕಲೇಶಪುರ, ಆಲೂರು ಕಡೆಯ ತೋಟದ ಮನೆಗಳಿಗೆ ನೆಂಟರು ಬರುವುದು ಹೊಸತಲ್ಲ. ಹೊರಡುವಾಗ ಒಬ್ಬರು ಕಾಫಿಪುಡಿ ಕೇಳುತ್ತಾರೆ, ಒಬ್ಬರು ಕಾಳುಮೆಣಸು. ಇನ್ನೊಬ್ಬರು ಬಾಯಿಬಿಟ್ಟು ಕೇಳುವುದಿಲ್ಲ, ಕಿತ್ತಳೆ ಗಿಡದ ಬುಡದಲ್ಲಿ ನಿಂತು ಸುಮ್ಮನೆ ಮೇಲೆ ನೋಡುತ್ತಾರೆ. ಏನನ್ನೂ ಬಯಸದೆ ಬರುವ ನೆಂಟ ಒಬ್ಬನೇ. ಅವನು ಕಾಲು ತೊಳೆದು ಒಳಗೆ ಬರುತ್ತಾನೆ, ನೀರು ಕುಡಿದ ಲೋಟವನ್ನು ಇನ್ನೂ ಕೆಳಗಿಟ್ಟಿರುವುದಿಲ್ಲ, ಹಜಾರದ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿರುವ ಕಂಪ್ಯೂಟರಿನ ಕಡೆ ಕಣ್ಣು ಹಾಯಿಸಿ, "ಇದಕ್ಕೆ ಏನ್ ಹಾಕಿದ್ದೀರಿ?" ಎನ್ನುತ್ತಾನೆ.

ಅಲ್ಲಿಗೆ ಆ ಕಂಪ್ಯೂಟರಿನ ಕತೆ ಮುಗಿಯಿತು.

ಇಂಥವನು ಭಾವನೇ ಆಗಿರಬೇಕೆಂದೇನೂ ಇಲ್ಲ. ಬಾಳ್ಳುಪೇಟೆ ಕಡೆ ಅವನು ಹೈಸ್ಕೂಲು ಮೇಷ್ಟರಾಗಿ ಸಿಕ್ಕಿಯಾನು, ಹಾನುಬಾಳು ಕಡೆ ಸೊಸೈಟಿ ಗುಮಾಸ್ತನ ಮಗನಾಗಿ. ಆದರೆ ಈ ತಳಿ ಹುಲುಸಾಗಿ ಬೆಳೆಯುವುದು ಅಳಿಯಂದಿರಲ್ಲಿ. ಮಗನಾದರೆ "ಮುಟ್ಟಬ್ಯಾಡ ಕಣ್ಲಾ" ಎಂದು ಗದರಬಹುದು. ಪೇಟೆಯ ಅಂಗಡಿ ಹುಡುಗನಾದರೆ "ಆಮೇಲೆ ನೋಡಾಣ" ಎಂದು ಸಾಗಹಾಕಬಹುದು. ಮನೆಮಗಳನ್ನು ಕೊಟ್ಟು ಧಾರೆ ಎರೆದ ಮೇಲೆ, ಆ ಪುಣ್ಯಾತ್ಮ ಬಂದು ಹಾರ್ಡ್‌ಡಿಸ್ಕ್ ಅಳಿಸುತ್ತೇನೆ ಎಂದರೆ ಯಾವ ಮಾವ ತಾನೇ ಬೇಡ ಎಂದಾನು? ನಮ್ಮ ದೊಡ್ಡಪ್ಪನಂತೂ ಅನ್ನಲಿಲ್ಲ.

ದೊಡ್ಡಪ್ಪನ ಅಳಿಯ, ಅಂದರೆ ನಮ್ಮ ಭಾವನದು ಹಾಸನದಲ್ಲಿ ಇಂಜಿನಿಯರಿಂಗ್ ಓದು, ಬೆಂಗಳೂರಿನಲ್ಲಿ ಕೆಲಸ. ಓದುವ ಕಾಲದಲ್ಲಿ ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಲಿನಕ್ಸಿನಲ್ಲಿ ಒಂದು ಬಗೆಯಾದ ಉಬುಂಟುವಿನವರು ಕೇಳಿದವರಿಗೆಲ್ಲ ಸಿಡಿಗಳನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು. 2011ರಲ್ಲಿ ಆ ದಾನ ನಿಂತಿತು. ಅಷ್ಟರಲ್ಲಿ ಭಾವ ಸಾಕಷ್ಟು ತರಿಸಿಕೊಂಡಾಗಿತ್ತು. ವಿದೇಶದ ಮುದ್ರೆ ಬಿದ್ದ ಲಕೋಟೆ ಕಂಡ ಅಂಚೆಯಣ್ಣ ಹುಡುಗನಿಗೆ ಫಾರಿನ್ ಕೆಲಸದ ಆರ್ಡರ್ ಬಂತೆಂದು ಊರೆಲ್ಲ ಸಾರಿದ. ಎರಡು ಕಡೆಯಿಂದ ಹೆಣ್ಣಿನ ಪ್ರಸ್ತಾಪವೂ ಬಂತಂತೆ. ಉಳಿದ ಸಿಡಿಗಳನ್ನು ಅವರಮ್ಮ ದಾರ ಪೋಣಿಸಿ ಗದ್ದೆ ಬದುವಿನಲ್ಲಿ ನೇತುಹಾಕಿದರು. ಹಕ್ಕಿಗಳು ಒಂದು ಬೆಳೆ ಪೂರ್ತಿ ಹತ್ತಿರ ಸುಳಿಯಲಿಲ್ಲ. ನಮ್ಮ ತಾಲ್ಲೂಕಿನಲ್ಲಿ ಲಿನಕ್ಸ್‌ನಿಂದ ಕೃಷಿಗೆ ಆದ ಮೊದಲ ಉಪಕಾರ ಇದೇ ಇರಬೇಕು.

ಈಗ ಸಿಡಿ ಹೋಗಿ ಪೆನ್‌ಡ್ರೈವ್ ಬಂದಿದೆ. ಭಾವನ ಕಾರಿನ ಕೀಗೊಂಚಲಲ್ಲಿ ಕೀ ಒಂದು, ಪೆನ್‌ಡ್ರೈವ್ ಮೂರು. ಯಾವುದರಲ್ಲಿ ಏನಿದೆ ಎಂದು ಅವನಿಗೊಬ್ಬನಿಗೇ ಗೊತ್ತು. ಅಕ್ಕನಿಗೂ ಗೊತ್ತಿಲ್ಲ. ಅವಳು ಇಪ್ಪತ್ತು ವರ್ಷದಿಂದ ವಿಂಡೋಸ್ ಬಳಸುತ್ತಾಳೆ, ಅದು ಆ ಮನೆಯಲ್ಲಿ ಯಾರೂ ಎತ್ತದ ವಿಷಯ.

"ಮಾವ, ನಿಮ್ಮ ವಿಂಡೋಸ್ 10ರ ಕಾಲ 2025ರ ಅಕ್ಟೋಬರ್ 14ಕ್ಕೇ ಮುಗೀತು."

"ಹೌದೇ? ಬೆಳಿಗ್ಗೆ ಚೆನ್ನಾಗೇ ಇತ್ತಲ್ಲ ಅಳಿಯಂದ್ರೇ."

ಮುಗಿದದ್ದು ಯಂತ್ರವಲ್ಲ, ಅದಕ್ಕೆ ಕಂಪನಿ ಪುಕ್ಕಟೆ ಕೊಡುತ್ತಿದ್ದ ಭದ್ರತೆಯ ಅಪ್‌ಡೇಟು ಎಂದು ಭಾವ ಬಿಡಿಸಿ ಹೇಳಿದ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಯಂತ್ರದೊಳಗೇ ಇರಬೇಕು, ದೊಡ್ಡಪ್ಪನ ಯಂತ್ರ ಅದಕ್ಕಿಂತ ಹಳೆಯದು. "ಗಟ್ಟಿಮುಟ್ಟಾಗಿರೋ ಮಷೀನನ್ನ ಗುಜರಿಗೆ ಹಾಕು ಅಂತಾರಲ್ಲ ಮಾವ, ಇದು ನ್ಯಾಯವಾ?" ನ್ಯಾಯದ ಮಾತು ಬಂದರೆ ದೊಡ್ಡಪ್ಪ ಕರಗುತ್ತಾರೆ. ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ ಪಾಳ್ಯದ ರಸ್ತೆಯ ಕಡೆ ಆನೆಗಳಿವೆ, ರಾತ್ರಿ ಓಡಾಡಬೇಡಿ ಎಂದು ಮೊಬೈಲಿಗೆ ಮೆಸೇಜೂ ಬಂತು. ಇನ್ನು ಭಾವ ಬೆಳಗಿನವರೆಗೆ ಹೊರಡುವಂತಿಲ್ಲ. ಅವನ ಮುಖದಲ್ಲಿ ಆನೆಗಳ ಬಗ್ಗೆ ಕೃತಜ್ಞತೆ ಕಂಡಿತು.

ಒಳಗೆ ದೊಡ್ಡಮ್ಮ ಕಡುಬಿಗೆ ಅಕ್ಕಿತರಿ ಹುರಿಯುತ್ತಿದ್ದರೆ, ಹೊರಗೆ ಭಾವ ಹಾರ್ಡ್‌ಡಿಸ್ಕನ್ನು ಭಾಗ ಮಾಡತೊಡಗಿದ.

"ಪಾರ್ಟಿಷನ್ ಮಾಡ್ತಿದ್ದೀನಿ ಮಾವ."

ದೊಡ್ಡಪ್ಪ ಕೂತಲ್ಲಿಂದ ಎದ್ದೇಬಿಟ್ಟರು. ಈ ಸೀಮೆಯಲ್ಲಿ ಆ ಪದವನ್ನು ಯಾರೂ ಹಗುರವಾಗಿ ಬಳಸುವುದಿಲ್ಲ. ದೊಡ್ಡಪ್ಪ ಮತ್ತು ಅವರ ಚಿಕ್ಕಪ್ಪನ ಮಕ್ಕಳ ಪಾರ್ಟಿಷನ್ ಕೇಸಿಗೆ ಹಾಸನದ ಕೋರ್ಟಿನಲ್ಲಿ ಮೂರು ತಲೆಮಾರಿನ ವಕೀಲರು ಬದುಕಿದ್ದಾರೆ.

"ಯಾರ್‍ಯಾರಿಗೆ ಎಷ್ಟು?"

"ವಿಂಡೋಸಿಗೆ ಕಾಲು ಭಾಗ, ಉಳಿದದ್ದು ಲಿನಕ್ಸಿಗೆ."

"ಅನ್ಯಾಯವಾಗಲ್ವಾ? ಮೊದಲಿಂದ ಅನುಭವದಲ್ಲಿರೋದು ಅದು."

"ಅದಕ್ಕೆ ಅಷ್ಟು ಸಾಕು ಮಾವ."

ದೊಡ್ಡಪ್ಪ ಕನ್ನಡಕ ಏರಿಸಿ ಪರದೆಯ ಮೇಲಿನ ಬಣ್ಣದ ಪಟ್ಟಿಯನ್ನು ಸರ್ವೆ ನಕ್ಷೆ ನೋಡುವ ಶ್ರದ್ಧೆಯಿಂದ ನೋಡಿ, "ದಾರಿ ಬಿಟ್ಟಿದ್ದೀರಾ?" ಎಂದರು. ಕಂಪ್ಯೂಟರ್ ಶುರುವಾದಾಗ ಯಾವ ಕಡೆಗೆ ಹೋಗಬೇಕೆಂದು ಕೇಳುವ ಪಟ್ಟಿ ಬರುತ್ತದೆ ಎಂದು ಭಾವ ಹೇಳಿದ ಮೇಲೇ ಅವರಿಗೆ ಸಮಾಧಾನ. ನಿಜ ಹೇಳಬೇಕೆಂದರೆ ಆ ರಾತ್ರಿಯ ಸಂಭಾಷಣೆಯಲ್ಲಿ ಅತ್ಯಂತ ತಾಂತ್ರಿಕವಾದ ಪ್ರಶ್ನೆ ಇದೇ ಆಗಿತ್ತು.

ಮಧ್ಯೆ ಕರೆಂಟು ಹೋಯಿತು, ಬಂತು, ಹೋಯಿತು. ಮಳೆಗಾಲದಲ್ಲಿ ಎಲ್ಲೋ ಒಂದು ಮರ ಲೈನಿನ ಮೇಲೆ ಬೀಳದೆ ನಮ್ಮ ಸಂಜೆ ಪೂರ್ಣವಾಗುವುದಿಲ್ಲ. ಆ ಕತ್ತಲಲ್ಲಿ ಭಾವ ಊಟದೆಲೆಯ ಮುಂದೆ ಕೂತು, 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಇದನ್ನು ಬರಿಯ ಹವ್ಯಾಸಕ್ಕೆಂದು ಶುರುಮಾಡಿದ ಕತೆ ಹೇಳಿದ. "ಹುಡುಗನಿಗೆ ಮದುವೆ ಆಗಿದೆಯಂತಾ?" ಎಂದು ದೊಡ್ಡಮ್ಮ ಕೇಳಿದರು. ಆಗಿದೆ, ಮೂವರು ಹೆಣ್ಣುಮಕ್ಕಳು ಎಂದ ಭಾವ. ದೊಡ್ಡಮ್ಮನಿಗೆ ಲಿನಕ್ಸ್ ಮೇಲೆ ವಿಶ್ವಾಸ ಮೂಡಿದ್ದು ಆಗ.

ಲಿನಕ್ಸ್ ಕೂತಿತು. ನಿಜವಾದ ಕೆಲಸ ಇನ್ನು ಮೇಲೆ: ಬ್ರೌಸರ್.

ದೊಡ್ಡಪ್ಪನಿಗೆ ಬ್ರೌಸರ್ ಎಂಬ ವಸ್ತು ಇರುವುದೇ ತಿಳಿಯದು. ಮೊದಲು ಅದು ನೀಲಿ ಬಣ್ಣದ "ಇ" ಆಗಿತ್ತು, ಅದನ್ನು ಒತ್ತಿದರೆ ಇಂಟರ್ನೆಟ್. ಆಮೇಲೆ ಬಣ್ಣದ ಚಕ್ರ ಬಂತು, ಅದರ ಹೆಸರು ಗೂಗಲ್. ಭಾವ ಇದನ್ನು ಕ್ಷಮಿಸಲಾರ. ಕ್ರೋಮ್, ಎಡ್ಜ್, ಒಪೇರಾ, ಬ್ರೇವ್ ಎಲ್ಲದರ ಒಳಗೂ ಕ್ರೋಮಿಯಂನ ಒಂದೇ ಎಂಜಿನ್ ಇದೆ, ಅಂಗಡಿ ಹಲಗೆ ಮಾತ್ರ ಬೇರೆ ಎಂದು ವಿವರಿಸಿದ. ಸ್ವಂತ ಎಂಜಿನ್ ಇಟ್ಟುಕೊಂಡು ನಿಂತಿರುವುದು ಫೈರ್‌ಫಾಕ್ಸ್, 2004ರ ನವೆಂಬರಿನಿಂದ ಇದೆ, ಕನ್ನಡದಲ್ಲೂ ಸಿಗುತ್ತದೆ ಎಂದ. ದೊಡ್ಡಪ್ಪ ಎಲ್ಲಕ್ಕೂ ಹೂಂಗುಟ್ಟಿ ಕೊನೆಗೆ, "ಅದ್ರಲ್ಲಿ ಗೂಗಲ್ ಬರುತ್ತಾ?" ಎಂದರು.

ಆದರೆ ಫೈರ್‌ಫಾಕ್ಸಿನ ಚಿತ್ರ ಪರದೆಯ ಮೇಲೆ ಮೂಡಿದ ಕೂಡಲೇ ವಾದವೇ ಬೇಕಾಗಲಿಲ್ಲ. "ನರಿ!" ಎಂದರು ದೊಡ್ಡಪ್ಪ. ಬೆಳಿಗ್ಗೆ ಎದ್ದು ನರಿ ಮುಖ ನೋಡುವುದಕ್ಕಿಂತ ಶುಭ ಇನ್ನೇನಿದೆ? ಮರುದಿನ ಬೆಳಿಗ್ಗೆ ಅವರು ಮೊದಲ ಕೆಲಸವಾಗಿ ನರಿಯನ್ನು ಒತ್ತಿದರು, ರೊಬಸ್ಟಾ ಚೆರ್ರಿ ರೇಟು ನೋಡಿದರು, ಮೂಟೆಗೆ ನೂರು ರೂಪಾಯಿ ಮೇಲೆ ಹೋಗಿತ್ತು. ಅಂದಿನಿಂದ ಆ ಮನೆಯಲ್ಲಿ ಕ್ರೋಮ್ ಹೆಸರು ಎತ್ತುವಂತಿಲ್ಲ. ಬೇರೆ ಯಾರಾದರೂ ಇಷ್ಟಕ್ಕೆ ಗೆದ್ದೆನೆಂದು ಸುಮ್ಮನಿರುತ್ತಿದ್ದರು. ಭಾವ ಸುಮ್ಮನಿರಲಿಲ್ಲ. "ಚಿತ್ರ ನರಿಯದ್ದೇ ಮಾವ, ಆದ್ರೆ ಆ ಹೆಸರು ನಿಜವಾಗಿ ಹಿಮಾಲಯದ ಕೆಂಪು ಪಾಂಡಾದ್ದು" ಎಂದು ತಿದ್ದಿದ. ದೊಡ್ಡಪ್ಪ ಅವನನ್ನು ದೀರ್ಘವಾಗಿ ನೋಡಿ, "ಇರಲಿ ಬಿಡಿ, ನಮಗೆ ನರಿಯೇ" ಎಂದರು.

ಆ ಫೈರ್‌ಫಾಕ್ಸನ್ನು ಅವನು ಹಾಕಿದ ಬಗೆಯನ್ನೂ ಹೇಳಬೇಕು. ವಿಂಡೋಸ್ ಮಂದಿ ಹಾಕುವುದು ಲೋಕಕ್ಕೇ ಗೊತ್ತು: ಹುಡುಕು, ಮೊದಲು ಕಂಡ ಹಸಿರು ಗುಂಡಿ ಒತ್ತು, ನೆಕ್ಸ್ಟ್, ನೆಕ್ಸ್ಟ್, ಫಿನಿಷ್. ಕೇಳಿದ್ದು ಒಂದು, ಬಂದದ್ದು ನಾಲ್ಕು, ಅದರಲ್ಲೊಂದು ರಮ್ಮಿ ಆಟ. ಲಿನಕ್ಸಿನಲ್ಲಿ ಈ ಕಾಟ ಕಡಿಮೆ, ಎಲ್ಲ ಒಂದೇ ಉಗ್ರಾಣದಿಂದ ಇಳಿಯುತ್ತದೆ. ಹಾಗಾದರೆ ಸುಲಭವಲ್ಲವೇ ಎನ್ನಬೇಡಿ. ಉಗ್ರಾಣದಿಂದ ಮನೆಗೆ ದಾರಿ ಹಲವು. ಡೆಬ್ ಇದೆ, ಸ್ನ್ಯಾಪ್ ಇದೆ, ಫ್ಲ್ಯಾಟ್‌ಪ್ಯಾಕ್ ಇದೆ. 2022ರಿಂದ ಉಬುಂಟು ತನ್ನ ದೀರ್ಘಾವಧಿ ಆವೃತ್ತಿಯಲ್ಲಿ ಫೈರ್‌ಫಾಕ್ಸನ್ನು ಸ್ನ್ಯಾಪ್ ರೂಪದಲ್ಲೇ ಕೊಡುತ್ತದೆ, ಲಿನಕ್ಸ್ ಮಿಂಟ್‌ನವರು 2020ರಲ್ಲೇ ಸ್ನ್ಯಾಪಿಗೆ ಬಾಗಿಲು ಹಾಕಿದ್ದಾರೆ. ಭಾವನ ಇಬ್ಬರು ಗೆಳೆಯರು ಇದೇ ವಿಷಯಕ್ಕೆ ಮಾತು ಬಿಟ್ಟಿದ್ದಾರೆ. ನಮ್ಮವರು ಮಂಗಳೂರಿಗೆ ಶಿರಾಡಿಯಲ್ಲಿ ಇಳಿಯಬೇಕೋ, ಚಾರ್ಮಾಡಿಯಲ್ಲೋ, ಬಿಸಿಲೆ ಸುತ್ತಿಕೊಂಡೋ ಎಂದು ಹೊರಡುವ ಮುಂಚೆ ಜಗಲಿಯ ಮೇಲೆ ಗಂಟೆಗಟ್ಟಲೆ ಚರ್ಚಿಸುತ್ತಾರಲ್ಲ, ಹಾಗೆ. ಯಾವ ಘಾಟಿ ಇಳಿದರೂ ಸಿಗುವುದು ಅದೇ ಮಂಗಳೂರು. ಭಾವ ಬಂದ ಫೈರ್‌ಫಾಕ್ಸನ್ನು ಕಿತ್ತು, ಕಪ್ಪು ಪರದೆ ತೆರೆದು, ಅದೇ ಫೈರ್‌ಫಾಕ್ಸನ್ನು ಬೇರೆ ದಾರಿಯಿಂದ ತರಿಸಿದ. ಹಳ್ಳಿಯ ನೆಟ್ಟಿನಲ್ಲಿ ಅದು ಇಳಿದು ಮುಗಿಯುವ ಹೊತ್ತಿಗೆ ಕೋಳಿ ಕೂಗಿತು. ವ್ಯತ್ಯಾಸವೇನೆಂದು ಕೇಳಿದೆ. "ತೆರೆಯೋದು ಒಂದು ಸೆಕೆಂಡ್ ಬೇಗ" ಎಂದ.

ಬೆಳಿಗ್ಗೆ ಎಂಟಕ್ಕೆ ತೋಟದ ಲೆಕ್ಕ ಬರೆಯುವ ರೈಟರು ಬಂದರು. ಆಳುಗಳ ಹಾಜರಿ, ಕೂಲಿಯ ಚೆಕ್‌ರೋಲನ್ನು ಅವರು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿ ಇಡುತ್ತಾರೆ. ಕಡತ ತೆರೆದರೆ ಆಳುಗಳ ಹೆಸರಿದ್ದ ಕಡೆಯೆಲ್ಲ ನೆತ್ತಿಯ ಮೇಲೆ ಚುಕ್ಕೆ, ಕೊಂಬು, ಟೋಪಿ ಇಟ್ಟುಕೊಂಡ ಯುರೋಪಿನ ಅಕ್ಷರಗಳು ಸಾಲಾಗಿ ನಿಂತಿವೆ. ರೈಟರು ತಣ್ಣಗೆ, "ಇವರ್‍ಯಾರೂ ನಮ್ಮ ಆಳುಗಳಲ್ಲ ಸಾರ್" ಎಂದರು. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದಂಥವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಒಳಗಿನ ಹುಳುಕು ಹೊರಗೆ ಬೀಳುತ್ತದೆ. ಯೂನಿಕೋಡಿನಲ್ಲಿ ಬರೆದಿದ್ದರೆ ಈ ತಾಪತ್ರಯವಿಲ್ಲ. ಭಾವ ಇದನ್ನು ರೈಟರಿಗೆ ಅರ್ಧ ಗಂಟೆ ಹೇಳಿದ. ನುಡಿಯ ಕಗಪ ಕೀಲಿಮಣೆ ಲಿನಕ್ಸಿನಲ್ಲೂ ಇದೆ, ಬೆರಳಿನ ಅಭ್ಯಾಸ ಬದಲಿಸಬೇಕಿಲ್ಲ ಎಂದ. ಕೇದಗೆ, ಮಲ್ಲಿಗೆ, ನವಿಲು, ಗುಬ್ಬಿ ಎಂದು ಪುಕ್ಕಟೆ ಫಾಂಟುಗಳ ಹೆಸರು ಹೇಳಿದ. ಅಷ್ಟೂ ಸತ್ಯ. ಆದರೆ ಅಂದು ಬಟವಾಡೆ, ಕಣದ ಹತ್ತಿರ ಜನ ನಿಂತಿದ್ದರು.

ಆಮೇಲೆ ಪ್ರಿಂಟರ್. ನಮ್ಮ ಜಿಲ್ಲೆಯ ಪ್ರತಿ ಜೆರಾಕ್ಸ್ ಅಂಗಡಿಯಲ್ಲೂ, ಪ್ರತಿ ವಕೀಲರ ಮೇಜಿನ ಮೇಲೂ ಇರುವ ಪುಟ್ಟ ಲೇಸರ್ ಪ್ರಿಂಟರ್ ಅದು, ಹೆಸರು ಬೇಡ. ವಿಂಡೋಸಿನಲ್ಲಿ ಒದ್ದರೂ ಕೆಲಸ ಮಾಡುತ್ತದೆ, ಲಿನಕ್ಸ್ ಕಂಡರೆ ಮೌನವ್ರತ. ಭಾವ ಅದರ ಮುಂದೆ ಮಧ್ಯಾಹ್ನದವರೆಗೆ ಕೂತ. ಅಷ್ಟರಲ್ಲಿ ರೈಟರು ಹಳೆಯ ಉದ್ದ ಪುಸ್ತಕ ತೆಗೆದು, ಕೈಯಲ್ಲೇ ಚೆಕ್‌ರೋಲ್ ಬರೆದು, ಬಟವಾಡೆ ಮುಗಿಸಿ, ಮನೆಗೂ ಹೋದರು.

ಭಾವನನ್ನು ಯಾರೂ ಸೋಲಿಸಿಲ್ಲ, ಒಬ್ಬಳ ಹೊರತು. ಸುಳ್ಯದಾಚೆ, ಕಾಸರಗೋಡು ಜಿಲ್ಲೆಯ ಬಂದಡ್ಕದ ಕಡೆ ನೆಂಟರ ಮನೆ ಮದುವೆಗೆ ಹೋಗಿದ್ದೆವು. ಅಲ್ಲೂ ಇವನು ಲ್ಯಾಪ್‌ಟಾಪ್ ಬಿಚ್ಚಿದ, ಮಕ್ಕಳು ಸುತ್ತ ನೆರೆದರು, ಲಿನಕ್ಸ್ ಎಂದರೇನು ಎಂದು ಆರಂಭಿಸಿದ. ಹೈಸ್ಕೂಲಿನ ಹುಡುಗಿಯೊಬ್ಬಳು ಐಸ್‌ಕ್ರೀಮ್ ಕಪ್ಪಿನಿಂದ ತಲೆಯೆತ್ತಿ, "ಇದು ನಮ್ಮ ಶಾಲೆಯಲ್ಲಿ ಉಂಟಲ್ಲ ಮಾವ, ಐಟಿ ಪರೀಕ್ಷೆಯೂ ಇದರಲ್ಲೇ" ಎಂದಳು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸೇ ನಡೆಯುವುದು, ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ. "ನಿಮ್ಮಲ್ಲಿ ಇಲ್ವಾ?" ಎಂದು ಅವಳು ಮರುಕದಿಂದ ಕೇಳಿದಳು. ಜೀವನವಿಡೀ ಲಿನಕ್ಸ್ ಎಲ್ಲರಿಗೂ ತಲುಪಲಿ ಎಂದು ದುಡಿದವನಿಗೆ, ಅದು ಎಲ್ಲರಿಗೂ ತಲುಪಿಬಿಟ್ಟ ಜಾಗದಲ್ಲಿ ಹೊತ್ತೇ ಹೋಗಲಿಲ್ಲ. ಊಟ ಮುಗಿದ ಕೂಡಲೇ ಹೊರಡೋಣ ಎಂದ.

ಅವನನ್ನು ತೀರಾ ಆಡಿಕೊಳ್ಳುವುದೂ ತರವಲ್ಲ. ದೊಡ್ಡಪ್ಪನ ಹಳೆಯ ಯಂತ್ರ ಈಗ ಮೊದಲಿಗಿಂತ ಚುರುಕಾಗಿದೆ, ವೈರಸ್ ಎಂದು ಪೇಟೆಯ ಅಂಗಡಿಗೆ ಹೊತ್ತೊಯ್ಯುವುದು ತಪ್ಪಿದೆ. ಅಂಗಡಿಯವನು ಕಳ್ಳ ವಿಂಡೋಸ್ ಹಾಕಿ ಐನೂರು ತೆಗೆದುಕೊಳ್ಳುತ್ತಿದ್ದ, ಭಾವ ಕಡುಬು ತಿಂದು ಹೋಗುತ್ತಾನೆ. ಕೊರತೆ ಒಂದೇ. ಅವನಿಗೆ ಹಾಕುವುದರಲ್ಲಿ ಇರುವ ಆಸಕ್ತಿ ಹಾಕಿದ್ದನ್ನು ಬಳಸುವವರಲ್ಲಿಲ್ಲ. ಪರದೆ ಬೆಳಗಿತೋ, ಅವನ ಕಣ್ಣು ಆಗಲೇ ಪಕ್ಕದ ಮನೆಯ ಕಂಪ್ಯೂಟರಿನ ಮೇಲೆ.

ನಿಮ್ಮ ಮನೆಗೂ ಇಂಥ ಭಾವ ಬಂದರೆ ಬೇಡ ಎನ್ನಬೇಡಿ, ಹಾಕಲಿ. ಮದುವೆ ಫೋಟೋ, ತೋಟದ ಲೆಕ್ಕ ಎರಡನ್ನೂ ಮೊದಲೇ ಬೇರೆ ಕಡೆ ನಕಲು ಮಾಡಿಕೊಳ್ಳಿ. ಪ್ರಿಂಟರ್ ಯಾವುದೆಂದು ಮುಂಚೆಯೇ ಹೇಳಿ. ಬಟವಾಡೆಯ ಹಿಂದಿನ ದಿನ ಮಾತ್ರ ಬರಲೇಬೇಡಿ ಎಂದು ಅಕ್ಕನ ಮೂಲಕ ತಿಳಿಸಿ.